ಡೀನ್‌ಗೆ ಹತ್ತಿರದವರ ಮಾತು: ಚೀನಾದ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಕರಣ ಅಧ್ಯಯನ

ಮೇಲಿನವರ ಜೊತೆ ಸಂಬಂಧ ಚೆನ್ನಾಗಿದ್ದರೆ ಕೆಳಗಿನವರು ಧೈರ್ಯವಾಗಿ ಬಾಯಿ ಬಿಡುತ್ತಾರೆ. ಮ್ಯಾನೇಜ್‌ಮೆಂಟ್ ಓದಿದವರಿಗೆಲ್ಲ ಇದು ಗೊತ್ತಿರುವ ಮಾತು. ಈ ಪ್ರಕರಣದಲ್ಲಿ ಆ ಮಾತು ಅರ್ಧ ನಿಜವಾಯಿತು, ಇನ್ನರ್ಧ ತಲೆಕೆಳಗಾಯಿತು. ಇದನ್ನು ಬರೆಯೋಣ ಅನ್ನಿಸಿದ್ದು ಆ ಇನ್ನರ್ಧದಿಂದಾಗಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಯಾವುದೋ ಒಂದು ವಿಶ್ವವಿದ್ಯಾಲಯದ ಮೇಲಿನ ವರದಿ ಅಲ್ಲ. ಚೀನಾದ ಪ್ರಾಂತೀಯ ವಿಶ್ವವಿದ್ಯಾಲಯಗಳಲ್ಲಿ ಬೋಧಕರ ಬದುಕು ಹೇಗೆ ನಡೆಯುತ್ತದೆ ಅನ್ನುವುದರ ಬಗ್ಗೆ ತಿಳಿದದ್ದನ್ನೆಲ್ಲ ಒಂದೇ ಪ್ರಕರಣವಾಗಿ ಜೋಡಿಸಿದ್ದೇನೆ. ಕಾಯ್ದೆ, ವರ್ಷ, ಪದ್ಧತಿಗಳು ಇದ್ದದ್ದು ಇದ್ದ ಹಾಗೇ ಇವೆ. ವ್ಯಕ್ತಿಗಳ ಗುರುತು ಮಾತ್ರ ಮರೆಸಿದೆ. ಅದಕ್ಕೇ ಅಲ್ಲಿ ಬೀದಿಗೆ ಹತ್ತು ಜನ ಸಿಗುವಂಥ ಮನೆತನದ ಹೆಸರುಗಳನ್ನೇ ಇಟ್ಟಿದ್ದೇನೆ: ವಾಂಗ್, ಲಿ, ಜಾವ್, ಸುನ್.

ಹಿನ್ನೆಲೆ

ಊರು ಮಧ್ಯ ಚೀನಾದ್ದು. ವಿಶ್ವವಿದ್ಯಾಲಯ ಪ್ರಾಂತೀಯ ಸರ್ಕಾರದ್ದು. 1995ರ '211', 1998ರ '985', 2017ರ 'ಡಬಲ್ ಫಸ್ಟ್ ಕ್ಲಾಸ್' ಅಂತ ಚೀನಾ ತನ್ನ ಮೇಲ್ದರ್ಜೆಯ ವಿಶ್ವವಿದ್ಯಾಲಯಗಳ ಪಟ್ಟಿ ಮಾಡಿಕೊಂಡಿದೆ. ಈ ಸಂಸ್ಥೆ ಯಾವ ಪಟ್ಟಿಯಲ್ಲೂ ಇಲ್ಲ. ಅಲ್ಲಿ ಇಂಥವೇ ಜಾಸ್ತಿ. 1999ರಲ್ಲಿ ಸರ್ಕಾರ ಪ್ರವೇಶದ ಸಂಖ್ಯೆಯನ್ನು ಒಮ್ಮೆಗೇ ಏರಿಸಿತು. ಅಲ್ಲಿಂದ ಇವು ಭರದಿಂದ ಬೆಳೆದವು. ಊರಾಚೆ ಹೊಸ ಕ್ಯಾಂಪಸ್ ಎದ್ದಿತು, ತರಗತಿಗಳು ದೊಡ್ಡವಾದವು. ಲ್ಯಾಬ್‌ಗಳು ಮಾತ್ರ ಅಷ್ಟು ಬೇಗ ಬೆಳೆಯಲಿಲ್ಲ.

ಇದು ಅದರೊಳಗಿನ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಾಲೇಜಿನ ಕತೆ. ಕಾಲೇಜಿಗೆ ಇಬ್ಬರು ಮುಖ್ಯಸ್ಥರು. ಒಬ್ಬರು ಡೀನ್, ಇನ್ನೊಬ್ಬರು ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ. ದೊಡ್ಡ ತೀರ್ಮಾನಗಳೆಲ್ಲ ಇಬ್ಬರೂ ಕೂರುವ ಜಂಟಿ ಸಭೆಯಲ್ಲಿ ಆಗುತ್ತವೆ. ಕಾಲೇಜಿನ ಕೆಳಗೆ ವಿಭಾಗಗಳು. ವಿಭಾಗದ ಕೆಳಗೆ ಒಂದೇ ಬಗೆಯ ವಿಷಯ ಕಲಿಸುವ ಏಳೆಂಟು ಬೋಧಕರ ಸಣ್ಣ ಘಟಕಗಳು. ಈ ಘಟಕಗಳು 1950ರ ದಶಕದಲ್ಲಿ ಸೋವಿಯತ್ ಮಾದರಿಯಿಂದ ಬಂದವು. ಇವತ್ತಿಗೂ ಉಳಿದುಕೊಂಡಿವೆ. ನಮ್ಮ ಪ್ರಕರಣದ ಕೊನೆಯಲ್ಲಿ ಕೆಲಸಕ್ಕೆ ಬಂದದ್ದೂ ಇವೇ.

ಡೀನ್ ಕೈಯಲ್ಲಿ ಏನಿದೆ ಅನ್ನುವುದು ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಚೀನಾದಲ್ಲಿ ಉಪನ್ಯಾಸಕರಿಂದ ಸಹ ಪ್ರಾಧ್ಯಾಪಕ ದರ್ಜೆಗೆ, ಅಲ್ಲಿಂದ ಪ್ರಾಧ್ಯಾಪಕ ದರ್ಜೆಗೆ ಏರುವುದು ಬದುಕಿನ ದೊಡ್ಡ ಘಟ್ಟ. ಹಿಂದೆ ಬಹಳಷ್ಟು ಕಡೆ ಈ ಬಡ್ತಿಯ ಪರಿಶೀಲನೆ ಪ್ರಾಂತದ ಮಟ್ಟದಲ್ಲಿ ನಡೆಯುತ್ತಿತ್ತು. 2017ರಲ್ಲಿ ಸರ್ಕಾರ ಈ ಅಧಿಕಾರವನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟುಕೊಟ್ಟಿತು. ಉದ್ದೇಶ ಒಳ್ಳೆಯದೇ. ಸ್ಥಳೀಯರಿಗೆ ಸ್ಥಳೀಯರ ಕೆಲಸ ಚೆನ್ನಾಗಿ ಗೊತ್ತು, ಅವರೇ ಅಳೆಯಲಿ ಅಂತ. ಆದರೆ ಅದರ ಜೊತೆಗೆ ಇನ್ನೊಂದೂ ಆಯಿತು. ಮೊದಲ ಜರಡಿ ಕಾಲೇಜಿನ ಶಿಫಾರಸು ಸಮಿತಿ. ಅಲ್ಲಿ ಡೀನ್ ಕೂತಿರುತ್ತಾರೆ. ನಿಮ್ಮ ಬಡ್ತಿ ತಡೆಯಬಲ್ಲವರು ಈಗ ಪಕ್ಕದ ಕೋಣೆಯಲ್ಲೇ ಇದ್ದಾರೆ.

ಹೊಸದಾಗಿ ಸೇರಿದವರದು ಇನ್ನೂ ಬಿಗಿ. ಚೀನಾದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷ, ಆಮೇಲೆ ಮತ್ತೆ ಮೂರು ವರ್ಷದ ಒಪ್ಪಂದ. ಅಷ್ಟರೊಳಗೆ ಬಡ್ತಿ ಸಿಗದಿದ್ದರೆ ಜಾಗ ಖಾಲಿ ಮಾಡಬೇಕು. ಬೀಜಿಂಗ್‌ನ ಚಿಂಗ್‌ಹ್ವಾ ವಿಶ್ವವಿದ್ಯಾಲಯ 1990ರ ದಶಕದಲ್ಲೇ ಇದನ್ನು ಕೆಲವು ವಿಭಾಗಗಳಲ್ಲಿ ಶುರುಮಾಡಿತು. 2003ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯ ತರಹೊರಟಾಗ ದೊಡ್ಡ ಚರ್ಚೆಯೇ ಎದ್ದಿತ್ತು. ಈಗ ಅದು ಸಣ್ಣ ಊರುಗಳಿಗೂ ಇಳಿದಿದೆ.

ಇನ್ನು ಜನ. ವಾಂಗ್, ಡೀನ್, ಐವತ್ತರ ಮೇಲಿನವರು. ಕೆಟ್ಟವರಲ್ಲ, ಕೆಲಸಗಾರ. ಲಿ, ಮೂವತ್ತೆಂಟರ ಉಪನ್ಯಾಸಕಿ. ಸ್ನಾತಕೋತ್ತರ ಓದಿದ್ದು ವಾಂಗ್ ಕೈಕೆಳಗೆ. ಪಿಎಚ್‌ಡಿ ಮಾಡಿದ್ದು ಬೇರೆ ಊರಲ್ಲಿ, ಅದೂ ವಾಂಗ್ ಅವರ ಹಳೆಯ ಸಹಪಾಠಿಯ ಬಳಿ. ಕೆಲಸ ಸಿಗುವಾಗಲೂ ವಾಂಗ್ ಒಂದು ಮಾತು ಹೇಳಿದ್ದರು. ಒಬ್ಬ ಗುರುವಿನ ಶಿಷ್ಯರೆಲ್ಲ ಅಲ್ಲಿ ಒಂದು ಮನೆಯವರ ಹಾಗೆ. ಹಿರಿಯ ಶಿಷ್ಯ ಅಣ್ಣ, ಕಿರಿಯ ಶಿಷ್ಯೆ ತಂಗಿ. ಸೆಪ್ಟೆಂಬರ್ 10 ಚೀನಾದಲ್ಲಿ ಶಿಕ್ಷಕರ ದಿನ. ಆ ದಿನ, ಮತ್ತೆ ವಸಂತ ಹಬ್ಬಕ್ಕೆ ಅಂದರೆ ಚೀನೀ ಹೊಸವರ್ಷಕ್ಕೆ, ಇವರೆಲ್ಲ ಗುರುವಿನ ಜೊತೆ ಊಟಕ್ಕೆ ಸೇರುತ್ತಾರೆ. ಗ್ಲಾಸ್ ತಾಗಿಸುವಾಗ ಶಿಷ್ಯರ ಗ್ಲಾಸಿನ ಅಂಚು ಗುರುವಿನ ಗ್ಲಾಸಿಗಿಂತ ಒಂದು ಬೆರಳು ಕೆಳಗೆ ಇರಬೇಕು. ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು.

ಜಾವ್, ಮೂವತ್ತೆರಡು, ಬೇರೆ ಪ್ರಾಂತದಿಂದ ಬಂದವನು. ಮೂರು ವರ್ಷದ ಮೊದಲ ಒಪ್ಪಂದದಲ್ಲಿದ್ದ. ವಾಂಗ್ ಜೊತೆ ಅವನದು ಬರೀ ಆಫೀಸಿನ ಸಂಬಂಧ. ಸುನ್, ಐವತ್ತೆಂಟು, ಇಡೀ ಕೆಲಸದ ಬದುಕು ಉಪನ್ಯಾಸಕರಾಗಿಯೇ ಕಳೆದವರು. ನಿವೃತ್ತಿಗೆ ಎರಡು ವರ್ಷ ಬಾಕಿ.

ಸಿಕ್ಕು ಎಲ್ಲಿತ್ತು

ಕಾಲೇಜು ಎಂಜಿನಿಯರಿಂಗ್ ಮಾನ್ಯತೆಗೆ ತಯಾರಾಗುತ್ತಿತ್ತು. ನಮ್ಮ ಕಡೆ ಎನ್‌ಬಿಎ (ಎಂಜಿನಿಯರಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಕೇಳುವ ಸಿಒ-ಪಿಒ ಅಟೇನ್‌ಮೆಂಟ್ ಶೀಟ್, ಅಂದರೆ ವಿದ್ಯಾರ್ಥಿಗಳು ಗುರಿಯಷ್ಟು ಕಲಿತರೋ ಅನ್ನುವ ಲೆಕ್ಕದ ಹಾಳೆ, ತುಂಬಿ ಕಣ್ಣು ಕೆಂಪು ಮಾಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರತ 2014ರಲ್ಲಿ, ಚೀನಾ 2016ರಲ್ಲಿ ವಾಷಿಂಗ್ಟನ್ ಅಕಾರ್ಡ್‌ನ, ಅಂದರೆ ಎಂಜಿನಿಯರಿಂಗ್ ಪದವಿಗಳ ಮಾನ್ಯತೆಯನ್ನು ದೇಶಗಳು ಪರಸ್ಪರ ಒಪ್ಪುವ ಒಪ್ಪಂದದ, ಪೂರ್ಣ ಸದಸ್ಯರಾದವು. ಎರಡೂ ಕಡೆ ಲೆಕ್ಕ ಒಂದೇ. ಪ್ರತಿ ಕೋರ್ಸ್‌ನಲ್ಲಿ ವಿದ್ಯಾರ್ಥಿ ಏನು ಕಲಿಯಬೇಕಿತ್ತು, ಕಲಿತನೋ ಇಲ್ಲವೋ, ಅದಕ್ಕೆ ಪುರಾವೆ ಎಲ್ಲಿ. ಪುರಾವೆ ಅಂದರೆ ಉತ್ತರಪತ್ರಿಕೆಯ ಕಟ್ಟುಗಳು, ಲ್ಯಾಬ್ ವರದಿಗಳು, ಸಹಿಗಳು.

ಲಿ ಕಲಿಸುತ್ತಿದ್ದ ಲ್ಯಾಬ್‌ನಲ್ಲಿ ಒಂದು ಸರಳ ಪ್ರಯೋಗವಿದೆ. ಉಕ್ಕಿನ ಸಣ್ಣ ಸರಳನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆಯುವುದು. ಅದು ಯಾವ ಒತ್ತಡಕ್ಕೆ ಮಣಿಯುತ್ತದೆ, ಎಲ್ಲಿ ಸಣ್ಣಗಾಗುತ್ತದೆ, ಯಾವಾಗ ತುಂಡಾಗುತ್ತದೆ ಅಂತ ನೋಡಿ ಬರೆಯುವುದು. ಬಳಸುವುದು 'ಕ್ಯೂ235' ಅನ್ನುವ ಸಾಮಾನ್ಯ ಉಕ್ಕು. ಸಾಮಾನ್ಯವಾಗಿ 235 ಮೆಗಾಪಾಸ್ಕಲ್‌ಗಿಂತ (ಒತ್ತಡದ ಅಳತೆ) ಕಡಿಮೆಗೆ ಮಣಿಯಬಾರದು ಅಂತಲೇ ಆ ಹೆಸರು. ಆದರೆ ಒಂದೇ ಉದ್ದನೆಯ ಸರಳಿನಿಂದ ಕತ್ತರಿಸಿದ ಎರಡು ತುಂಡುಗಳೂ ಒಂದೇ ಅಂಕಿ ಕೊಡುವುದಿಲ್ಲ. ಒಂದು ತಂಡಕ್ಕೆ ಸ್ವಲ್ಪ ಮೇಲೆ, ಇನ್ನೊಂದಕ್ಕೆ ಸ್ವಲ್ಪ ಕೆಳಗೆ. ಯಾಕೆ ಅಂತ ತಲೆ ಕೆರೆದುಕೊಳ್ಳುವುದೇ ಆ ಪ್ರಯೋಗದ ಪಾಠ.

ಪಠ್ಯಕ್ರಮದಲ್ಲಿ ನಾಲ್ಕು ಜನರ ತಂಡ ಅಂತ ಬರೆದಿತ್ತು. ಯಂತ್ರ ಮೂರಿದ್ದವು, ಓಡುತ್ತಿದ್ದದ್ದು ಒಂದು. ತರಗತಿಯಲ್ಲಿ ನಲವತ್ತು ಜನ. ಹಾಗಾಗಿ ಲಿ ಒಂದು ಸರಳು ಎಳೆದು ತೋರಿಸುತ್ತಿದ್ದರು. ಅಂಕಿಯನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಲವತ್ತು ವರದಿಗಳಲ್ಲಿ ಅದೇ ಅಂಕಿ, ದಶಾಂಶದ ಸಮೇತ. ಕಟ್ಟು ಬಿಚ್ಚಿ ಸಾಲಾಗಿ ಹರಡಿದರೆ ಎಂಜಿನಿಯರಿಂಗ್ ಗೊತ್ತಿಲ್ಲದವರಿಗೂ ಕಣ್ಣಿಗೆ ಹೊಡೆಯುವಂತಿತ್ತು. ಫ್ಲೂಯಿಡ್ ಲ್ಯಾಬ್, ಹೀಟ್ ಟ್ರೀಟ್‌ಮೆಂಟ್ ಲ್ಯಾಬ್‌ಗಳ ಕತೆಯೂ ಇದೇ.

ಆಗ ಕಾಲೇಜಿನ ವೀಚಾಟ್ (ಚೀನಾದ ವಾಟ್ಸಾಪ್‌ನಂಥ ಆಪ್) ಗುಂಪಿನಲ್ಲಿ ಡೀನ್ ಕಡೆಯಿಂದ ಒಂದು ಸೂಚನೆ ಬಂತು. ಹಿಂದಿನ ಮೂರು ವರ್ಷದ ಲ್ಯಾಬ್ ದಾಖಲೆಗಳನ್ನು ಪರಿಶೀಲಿಸಿ, ತಂಡವಾರು ದತ್ತಾಂಶ ಇಲ್ಲದ ಕಡೆ 'ಪೂರ್ಣಗೊಳಿಸಿ', ತಿಂಗಳ ಕೊನೆಯೊಳಗೆ ಒಪ್ಪಿಸಿ. ಸುಳ್ಳು ಬರೆಯಿರಿ ಅಂತ ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸೂಚನೆಯ ಕೆಳಗೆ ಒಬ್ಬೊಬ್ಬರಾಗಿ 'ತಲುಪಿತು' ಅಂತ ಉತ್ತರ ಹಾಕಿದರು. ಅಲ್ಲಿನ ಆಫೀಸ್ ಗುಂಪುಗಳಲ್ಲಿ ಇದು ದಿನನಿತ್ಯದ ಪದ್ಧತಿ. ಲಿ ಹಾಕಿದರು. ಜಾವ್ ಹಾಕಿದ. ಸುನ್ ಕೂಡ ಹಾಕಿದರು.

ಎಲ್ಲರಿಗೂ ಇದು ತಪ್ಪು ಅಂತ ಗೊತ್ತಿತ್ತು. ಮಾನ್ಯತೆಯ ದೃಷ್ಟಿಯಿಂದ ಅಪಾಯ ಅಂತಲೂ ಗೊತ್ತಿತ್ತು. ತಜ್ಞರ ತಂಡ ಬಂದಾಗ ಬರೀ ಕಾಗದ ನೋಡುವುದಿಲ್ಲ, ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡಿಸುತ್ತದೆ.

ಯಾರು ಯಾರು ಏನು ಮಾಡಿದರು

ಮೊದಲು ಮಾತಾಡಿದವರು ಸುನ್. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ವಾರದ ಒಂದು ಮಧ್ಯಾಹ್ನ ಸಭೆಗಾಗಿಯೇ ಖಾಲಿ ಇಟ್ಟಿರುತ್ತಾರೆ. ಆ ಸಭೆಯಲ್ಲಿ ಸುನ್ ಎದ್ದು, ಇಲ್ಲದ ದತ್ತಾಂಶವನ್ನು ಎಲ್ಲಿಂದ ತರೋದು ಅಂತ ಕೇಳಿದರು. ಡೀನ್ ಸಿಟ್ಟಾಗಲಿಲ್ಲ. "ಸುನ್ ಸರ್ ಎತ್ತಿದ ವಿಷಯ ಮುಖ್ಯವಾದದ್ದು, ಮುಂದೆ ಪರಿಶೀಲಿಸೋಣ" ಅಂದರು. ಮುಂದಿನ ವಿಷಯಕ್ಕೆ ಹೋದರು. ಸುನ್ ಕೂತರು. ಪಕ್ಕದವರು ಮೊಬೈಲ್ ನೋಡುತ್ತಿದ್ದರು.

ಕಳೆದುಕೊಳ್ಳಲು ಏನೂ ಇಲ್ಲದವರ ಮಾತಿಗೆ ಒಂದು ತೊಂದರೆ ಇದೆ. ಅವರು ಧೈರ್ಯವಾಗಿ ಹೇಳಬಹುದು. ಕೇಳುವವರೂ ಅಷ್ಟೇ ಧೈರ್ಯವಾಗಿ ಬದಿಗಿಡಬಹುದು.

ಎರಡನೆಯ ಪ್ರಯತ್ನ ಯಾರದ್ದೋ. ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ ನೇರವಾಗಿ ಬರೆಯಲು ಒಂದು ಅಂಚೆಪೆಟ್ಟಿಗೆ ಇರುತ್ತದೆ, ಈಗ ಎಲ್ಲ ಆನ್‌ಲೈನ್. ಅಲ್ಲಿಗೆ ಹೆಸರಿಲ್ಲದ ಒಂದು ದೂರು ಹೋಯಿತು. ಮೇಲಿನವರು ಅದನ್ನು ಯಥಾವತ್ತಾಗಿ ಕಾಲೇಜಿಗೇ ಕಳಿಸಿ ವಿವರಣೆ ಕೇಳಿದರು. ದೂರು ಯಾರ ಮೇಲಿತ್ತೋ ಅವರ ಮೇಜಿಗೇ ಬಂತು. ಮುಂದಿನ ಸಭೆಯಲ್ಲಿ ಡೀನ್ ಮೃದುವಾಗಿಯೇ ಹೇಳಿದರು: "ಏನಿದ್ದರೂ ನನ್ನ ಹತ್ತಿರ ನೇರವಾಗಿ ಬನ್ನಿ, ಬಾಗಿಲು ತೆಗೆದೇ ಇರುತ್ತದೆ." ಆ ಸಂಜೆಯಿಂದ ಕಾಲೇಜಿನಲ್ಲಿ ಒಂದೇ ಗುಸುಗುಸು, ಬರೆದವರು ಯಾರು ಅಂತ. ಹೆಚ್ಚಿನ ಬೆರಳು ತೋರಿಸಿದ್ದು ಜಾವ್ ಕಡೆಗೆ. ಹೊಸಬ, ಹೊರಗಿನವನು, ಗುರುಬಳಗ ಇಲ್ಲದವನು. ಬರೆದದ್ದು ಅವನಲ್ಲ. ಆದರೆ ಅಲ್ಲ ಅಂತ ಹೇಳಲು ಹೋದರೆ ಇನ್ನೂ ಅನುಮಾನ, ಅಲ್ವಾ?

ಜಾವ್ ಅಲ್ಲಿಂದ ಸಭೆಗಳಲ್ಲಿ ಹಿಂದಿನ ಸಾಲಿಗೆ ಹೋದ. ಅವನ ಬಳಿ ಒಳ್ಳೆಯ ಸಲಹೆಯೇ ಇತ್ತು. ತರಗತಿಯನ್ನು ಎರಡು ಭಾಗ ಮಾಡಿ, ಒಂದು ಭಾಗ ಲ್ಯಾಬ್‌ನಲ್ಲಿರುವಾಗ ಇನ್ನೊಂದು ಭಾಗಕ್ಕೆ ಸಿಮ್ಯುಲೇಶನ್ ಕೊಡುವುದು. ಬರೆದಿಟ್ಟುಕೊಂಡಿದ್ದ. ಅದು ಅವನ ಲ್ಯಾಪ್‌ಟಾಪ್‌ನಲ್ಲೇ ಉಳಿಯಿತು.

ಮೂರನೆಯವರು ಲಿ. ಇಡೀ ಪ್ರಕರಣದಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲಬೇಕು ಅನ್ನಿಸುವುದು ಇಲ್ಲಿಯೇ.

ಲಿ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಬಿಡುವಂತೆಯೂ ಇರಲಿಲ್ಲ. ಬೇರೆಯವರು ಪ್ರಶ್ನೆ ಕೇಳಿದರೆ ಅದು ಪ್ರಶ್ನೆ. ಸ್ವಂತ ಶಿಷ್ಯೆ ಎಲ್ಲರ ಎದುರು ಕೇಳಿದರೆ ಗುರುವಿನ ಮುಖಕ್ಕೆ ಹೊಡೆದ ಹಾಗೆ. ಅದು ಬರೀ ಭಯ ಅಲ್ಲ. ತನ್ನನ್ನು ಬೆಳೆಸಿದವರಿಗೆ ಹಾಗೆ ಮಾಡಬಾರದು ಅನ್ನುವ ನಿಜವಾದ ಪ್ರೀತಿಯೂ ಹೌದು. ಹೊರಗಿನಿಂದ ನೋಡಿದವರು ಇದನ್ನು ಬರೀ ಹೆದರಿಕೆ ಅಂದುಬಿಡುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ.

ಆಫೀಸ್ ಮುಗಿದ ಮೇಲೆ ಅವರು ವಾಂಗ್ ಕೋಣೆಗೆ ಹೋದರು. ಸಭೆಯಲ್ಲಿ 'ಡೀನ್' ಅಂತ ಕರೆಯುವವರು ಒಳಗೆ 'ಗುರುಗಳೇ' ಅಂದರು. ತಪ್ಪು ಅನ್ನುವ ಮಾತನ್ನೇ ಎತ್ತಲಿಲ್ಲ.

"ತಜ್ಞರು ಮಕ್ಕಳನ್ನು ಪಕ್ಕಕ್ಕೆ ಕರೆದು ಕೇಳ್ತಾರೆ ಗುರುಗಳೇ. ಅವತ್ತು ಮುಜುಗರ ಆಗೋದು ನಿಮಗೆ. ನನಗೆ ಅದೇ ಚಿಂತೆ."

ವಾಂಗ್ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಿನ್ನ ಲ್ಯಾಬ್‌ಗೆ ಏನು ಬೇಕು? ಪಟ್ಟಿ ಕೊಡು."

ಮೊದಲ ತಿರುವು ಇದು. ಲಿ ಎತ್ತಿದ್ದು ಇಡೀ ಕಾಲೇಜಿನ ವಿಷಯ. ಉತ್ತರ ಬಂದದ್ದು ಅವರೊಬ್ಬರಿಗೆ. ಆ ಕ್ಷಣದಲ್ಲಿ ಅವರ ಮುಂದೆ ಎರಡು ದಾರಿ ಇದ್ದವು. "ನನ್ನ ಲ್ಯಾಬ್ ಮಾತ್ರ ಅಲ್ಲ, ಆ ಸೂಚನೆಯನ್ನೇ ವಾಪಸ್ ತೆಗೆದುಕೊಳ್ಳಿ" ಅನ್ನಬಹುದಿತ್ತು. ಅಥವಾ ಪಟ್ಟಿ ಕೊಡಬಹುದಿತ್ತು. ಅವರು ಪಟ್ಟಿ ಕೊಟ್ಟರು. ಆ ವರ್ಷ ಅವರ ಬಡ್ತಿಯ ಅರ್ಜಿ ಇತ್ತು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಇನ್ನೂ ಸರಳ. ಗುರು ಪ್ರೀತಿಯಿಂದ ಏನೋ ಕೊಡುತ್ತಿದ್ದಾರೆ. ಬೇಡ ಅಂದು ಮತ್ತೆ ಹಳೆಯ ಮಾತಿಗೇ ಎಳೆದರೆ ಅದು ಹಟ ಅನ್ನಿಸಿಕೊಳ್ಳುತ್ತದೆ.

ಆ ಚಳಿಗಾಲದ ರಜೆಯೊಳಗೆ ಎರಡೂ ಯಂತ್ರಗಳು ರಿಪೇರಿಯಾದವು. ಹೊಸ ಸೆನ್ಸರ್ ಬಂತು. ಲಿ ಅವರ ಹಳೆಯ ದಾಖಲೆಗಳನ್ನು ಇದ್ದ ಹಾಗೇ ಬಿಡಲು ಬಾಯಿಮಾತಿನ ಅನುಮತಿಯೂ ಸಿಕ್ಕಿತು. ಉಳಿದ ಲ್ಯಾಬ್‌ಗಳವರು ಮಾತ್ರ ತಂಡವಾರು ಅಂಕಿಗಳನ್ನು ಕೂತು ಹೊಂದಿಸುತ್ತಲೇ ಇದ್ದರು.

ನೋಡುತ್ತಿದ್ದವರು ಕಲಿತ ಪಾಠ

ಲಿ ದೃಷ್ಟಿಯಲ್ಲಿ ಅವರು ಮಾತಾಡಿದ್ದರು, ಫಲವೂ ಸಿಕ್ಕಿತ್ತು. ಡೀನ್ ದೃಷ್ಟಿಯಲ್ಲಿ ತನ್ನ ಬಾಗಿಲು ತೆಗೆದೇ ಇತ್ತು, ಬಂದವರ ಕೆಲಸ ಆಗಿತ್ತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಕಾರಿಡಾರ್‌ನಲ್ಲಿ ನಿಂತವರಿಗೆ ಕಂಡದ್ದೇ ಬೇರೆ. ಸುನ್ ಸಭೆಯಲ್ಲಿ ಹೇಳಿದರು, ಏನೂ ಆಗಲಿಲ್ಲ. ಯಾರೋ ಮೇಲಕ್ಕೆ ಬರೆದರು, ಅನುಮಾನ ಹುಟ್ಟಿತು. ಲಿ ಒಳಗೆ ಹೋಗಿ ಬಂದರು, ಯಂತ್ರ ಬಂತು. ಇಷ್ಟು ನೋಡಿದ ಮೇಲೆ ಜಾವ್‌ಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಇಲ್ಲಿ ಮಾತು ನಡೆಯುವುದು ಸಂಬಂಧ ಇದ್ದವರಿಗೆ. ಅವನು ಲಿ ಹತ್ತಿರ ತನ್ನ ಲ್ಯಾಬ್ ಕಷ್ಟ ಹೇಳಿಕೊಳ್ಳುವುದನ್ನೂ ಬಿಟ್ಟ. ಅವರ ಮೂಲಕ ಹೋದರೆ ಅದೂ ಒಂದು ಋಣ.

ಸಂಶೋಧಕರು ಇದನ್ನು ಬೇರೆ ಬೇರೆ ತುದಿಯಿಂದ ಮುಟ್ಟಿದ್ದಾರೆ. 2009ರಲ್ಲಿ ರೇ ಫ್ರೀಡ್‌ಮನ್ ಮತ್ತು ಚೀನೀ ಸಹಲೇಖಕರು ಮೇಲಧಿಕಾರಿ-ಕೆಳಗಿನವರ ಸಂಬಂಧದಲ್ಲಿ ಮೂರು ಎಳೆ ಗುರುತಿಸಿದರು. ಒಂದು ಮನಸ್ಸಿನ ಆಪ್ತತೆ. ಎರಡು, ಒಬ್ಬರ ಮನೆ-ಬದುಕಿನೊಳಗೆ ಇನ್ನೊಬ್ಬರು ಬಂದುಹೋಗುವುದು. ಮೂರು, ಮೇಲಿನವರು ಹೇಳಿದ್ದಕ್ಕೆ ತಲೆಬಾಗುವುದು. ಲಿ ಪ್ರಕರಣದಲ್ಲಿ ಮೂರೂ ಇವೆ, ಮತ್ತು ಒಂದಕ್ಕೊಂದು ಎದುರು ಎಳೆಯುತ್ತಿವೆ. ಮೊದಲ ಎರಡು ಅವರನ್ನು ಡೀನ್ ಕೋಣೆಯ ಬಾಗಿಲವರೆಗೆ ತಂದವು. ಒಳಗೆ ಹೋದ ಮೇಲೆ ಮೂರನೆಯದು ಮಾತಿನ ಮೊನೆ ಮುರಿಯಿತು. 'ಸಂಬಂಧ ಚೆನ್ನಾಗಿದೆ' ಅಂತ ಒಂದೇ ಮಾತಲ್ಲಿ ಅಳೆದರೆ ಈ ಜಗ್ಗಾಟ ಕಾಣುವುದೇ ಇಲ್ಲ.

2012ರ ಇನ್ನೊಂದು ಅಧ್ಯಯನ ಲಿಯಾಂಗ್ ಮತ್ತು ಫಾರ್ ಅನ್ನುವ ಹೆಸರಿನ ಇಬ್ಬರದು. ಚೀನಾದ ನೌಕರರ ಮಧ್ಯೆಯೇ ನಡೆದದ್ದು. ಅದು ಮಾತನ್ನು ಎರಡು ಬಗೆ ಮಾಡಿತು. 'ಹೀಗೆ ಮಾಡಿದರೆ ಇನ್ನೂ ಚೆನ್ನಾಗಿರುತ್ತದೆ' ಅನ್ನುವುದು ಒಂದು. 'ಇದು ತಪ್ಪು, ನಿಲ್ಲಿಸಿ' ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮುಖ್ಯವಾಗಿ ಬೇಕಾದದ್ದು ನನಗೂ ಹೊಣೆಯಿದೆ ಅನ್ನುವ ಭಾವ. ಎರಡನೆಯದಕ್ಕೆ, ಹೇಳಿದರೆ ನನಗೇನೂ ಆಗುವುದಿಲ್ಲ ಅನ್ನುವ ನಂಬಿಕೆ. ಲಿ ಹತ್ತಿರ ಹೊಣೆಯ ಭಾವ ಧಾರಾಳವಾಗಿತ್ತು, ಆ ನಂಬಿಕೆ ಇರಲಿಲ್ಲ. ಹಾಗಾಗಿ 'ನಿಲ್ಲಿಸಿ' ಅನ್ನಬೇಕಾದ ಮಾತನ್ನು 'ನಿಮ್ಮ ಒಳ್ಳೆಯದಕ್ಕೆ' ಅನ್ನುವ ಬಟ್ಟೆ ತೊಡಿಸಿ ತಂದರು. ವಾಂಗ್ ನೋಡಿದ್ದು ಬಟ್ಟೆಯನ್ನು.

ಎರಡನೆಯ ತಿರುವು

ನಿಜವಾದ ತಜ್ಞರು ಬರುವ ಮೊದಲು ಬೇರೆ ವಿಶ್ವವಿದ್ಯಾಲಯದ ಇಬ್ಬರು ಹಿರಿಯರನ್ನು ಕರೆಸಿ ಒಂದು ಅಣಕು ಪರಿಶೀಲನೆ ಮಾಡಿಸಿದರು. ಅವರಲ್ಲಿ ಒಬ್ಬರು ಫ್ಲೂಯಿಡ್ ಲ್ಯಾಬ್‌ನಲ್ಲಿ ನಿಂತು ಮೂರನೇ ವರ್ಷದ ಹುಡುಗನನ್ನು ಕೇಳಿದರು: ಪಂಪ್ ಶುರುಮಾಡೋ ಮೊದಲು ಯಾವ ವಾಲ್ವ್ ತಿರುಗಿಸ್ತೀಯಪ್ಪ? ಹುಡುಗ ತಡವರಿಸಿದ. "ಸರ್, ನಾವು ವಿಡಿಯೋ ನೋಡಿದ್ವಿ" ಅಂದ. ಅವನ ಹೆಸರಿನ ದಾಖಲೆಯಲ್ಲಿ ನಾಲ್ಕು ಜನರ ತಂಡ, ಆರು ಸಲ ತೆಗೆದ ರೀಡಿಂಗ್, ಬೋಧಕರ ಸಹಿ ಎಲ್ಲ ಇತ್ತು. ಆ ಹಿರಿಯರು ಏನೂ ಅನ್ನಲಿಲ್ಲ. ಇನ್ನೆರಡು ಕಟ್ಟು ತರಿಸಿಕೊಂಡರು.

ಅವತ್ತಿನ ಒಳಸಭೆಯಲ್ಲಿ ವಾಂಗ್ ಕೇಳಿದ್ದು ಇಂಥ ಹೊತ್ತಲ್ಲಿ ಎಲ್ಲ ಮುಖ್ಯಸ್ಥರೂ ಕೇಳುವುದನ್ನೇ. "ನನಗೆ ಯಾರೂ ಯಾಕೆ ಹೇಳಲಿಲ್ಲ?"

ಸುನ್ ತಮ್ಮ ನೋಟ್‌ಬುಕ್ ತೆರೆದು ತಾವು ಹೇಳಿದ ಸಭೆಯ ತಾರೀಖು ಓದಿದರು. ದನಿ ಏರಿಸಲಿಲ್ಲ. ಅದೇ ಸಾಲಿನಲ್ಲಿ ಕೂತಿದ್ದ ಲಿ ಕೂಡ "ನಾನೂ ಹೇಳಿದ್ದೆ" ಅನ್ನಬಹುದಿತ್ತು. ಅನ್ನಲಿಲ್ಲ. ಹೇಳಿದ್ದರೆ ಮುಚ್ಚಿದ ಬಾಗಿಲೊಳಗಿನ ಮಾತು ಹೊರಗೆ ಬೀಳುತ್ತಿತ್ತು, ಜೊತೆಗೆ ಯಂತ್ರ ಹೇಗೆ ಬಂತು ಅನ್ನುವುದೂ. ವಾಂಗ್ ಅವರಿಗೆ ಲಿ ಹೇಳಿದ್ದು ಆ ಹೊತ್ತಿಗೆ ನೆನಪಿರಲಿಕ್ಕಿಲ್ಲ. ಅದನ್ನು ಅವರು ಎಚ್ಚರಿಕೆ ಅಂತ ಕೇಳಿಸಿಕೊಂಡೇ ಇರಲಿಲ್ಲ. ಶಿಷ್ಯೆ ಲ್ಯಾಬ್‌ಗೆ ಸಹಾಯ ಕೇಳಿದಳು, ಕೊಟ್ಟೆ, ಅಷ್ಟೇ.

ಆಮೇಲೆ ಕೈ ಹಾಕಿದವರು ಪಕ್ಷದ ಕಾರ್ಯದರ್ಶಿ. ಆಕೆಗೆ ಗುರುಬಳಗದ ನಂಟಿರಲಿಲ್ಲ. ಆಡಳಿತದ ಕಡೆಯಿಂದ ಬಂದವರು. ಎಲ್ಲರೂ ಮುಕ್ತವಾಗಿ ಮಾತಾಡಿ ಅಂತ ಭಾಷಣ ಮಾಡಲಿಲ್ಲ, ಹೊಸ ಪೆಟ್ಟಿಗೆಯೂ ಇಡಲಿಲ್ಲ. ಸಣ್ಣ ಘಟಕಗಳನ್ನು ಬಳಸಿಕೊಂಡರು. ಪ್ರತಿ ಘಟಕ ಡೀನ್ ಇಲ್ಲದೆ ಕೂರಬೇಕು. ಕೋರ್ಸ್‌ವಾರು ಒಂದು ಹಾಳೆ: ಪಠ್ಯಕ್ರಮ ಏನು ಹೇಳುತ್ತದೆ, ನಿಜವಾಗಿ ಏನು ನಡೆಯುತ್ತದೆ. ಹಾಳೆಯ ಮೇಲೆ ಕೋರ್ಸ್ ಹೆಸರು ಇರುತ್ತದೆ, ಬೋಧಕರದ್ದಲ್ಲ. ಘಟಕದ ಮುಖ್ಯಸ್ಥರು ಅದನ್ನು ಜಂಟಿ ಸಭೆಗೆ ಒಯ್ಯಬೇಕು. ಅಲ್ಲಿ ಪ್ರತಿ ಸಾಲಿಗೂ ಉತ್ತರ ಬರೆದು ನಡಾವಳಿಯಲ್ಲಿ ಸೇರಿಸಬೇಕು. ಆಗುತ್ತದೆ, ಆಗುವುದಿಲ್ಲ, ಯಾರು ಮಾಡುತ್ತಾರೆ, ಯಾವಾಗ. ಚರ್ಚೆಯಲ್ಲಿ ಡೀನ್ ಕೊನೆಯಲ್ಲಿ ಮಾತಾಡಬೇಕು.

ಕೊನೆಯ ನಿಯಮ ಸಣ್ಣದು ಅನ್ನಿಸಬಹುದು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಅದೇ. ವಾಂಗ್ ಮೊದಲು ಮಾತಾಡಿದರೆ ಅವರ ಶಿಷ್ಯರಿಗೆ ಅಲ್ಲಿಗೇ ಸಭೆ ಮುಗಿಯುತ್ತಿತ್ತು.

ಮೊದಲ ಸುತ್ತಿನಲ್ಲಿ ಲಿ ಅವರ ಘಟಕದ ಹಾಳೆಯಲ್ಲಿ ನಲವತ್ತು ವರದಿಗಳ ಒಂದೇ ಅಂಕಿಯ ವಿಷಯ ಬಂತು. ಬರೆಸಿದ್ದು ಲಿ ಅವರೇ. ಒಂಟಿಯಾಗಿ ಗುರುವಿಗೆ ಹೇಳಲಾಗದ್ದನ್ನು ಘಟಕದ ಮಾತಾಗಿ ಹೇಳಿದರು. ಜಾವ್ ಅವರ ಎರಡು ಭಾಗದ ಯೋಜನೆ ಕೂಡ ಬಂತು, ಅವನ ಹೆಸರಿಲ್ಲದೆ. ಒಪ್ಪಿಗೆಯೂ ಆಯಿತು. ದಾಖಲೆ 'ಪೂರ್ಣಗೊಳಿಸುವ' ಸೂಚನೆ ವಾಪಸ್ ಹೋಯಿತು. ಅಂಥದ್ದನ್ನು ಬಿಡುವುದಕ್ಕೆ ಒಂದು ಮರ್ಯಾದೆಯ ದಾರಿಯೂ ಸಿಕ್ಕಿತು. ಈ ಮಾನ್ಯತೆ ಪದ್ಧತಿಯಲ್ಲಿ 'ನಿರಂತರ ಸುಧಾರಣೆ' ಅನ್ನುವುದು ಒಂದು ಅಳತೆಗೋಲು. ಕೊರತೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿ, ಏನು ಸರಿಮಾಡಿದೆವು ಅಂತ ಬರೆದರೆ ಅದಕ್ಕೆ ಬೆಲೆ ಇದೆ. ಆ ವರ್ಷದ ಮಾನ್ಯತೆಯ ಅರ್ಜಿಯನ್ನು ಮುಂದೂಡಿದರು.

ಹಾಗಂತ ಎಲ್ಲ ನೆಟ್ಟಗಾಯಿತು ಅಂದುಕೊಳ್ಳಬೇಡಿ.

ಉಳಿದದ್ದು

ಹಾಳೆಗಳಲ್ಲಿ ಬಂದದ್ದು ಯಂತ್ರ, ವೇಳಾಪಟ್ಟಿ, ತರಗತಿಯ ಗಾತ್ರ. ಜನರ ಬಗ್ಗೆ ಒಂದು ಸಾಲೂ ಬರಲಿಲ್ಲ. ಪಾಠದ ಗಂಟೆಗಳ ಲೆಕ್ಕ ಹೇಗೆ ಹಾಕುತ್ತಾರೆ, ದೊಡ್ಡ ತರಗತಿಗೆ ಎಷ್ಟು ಜಾಸ್ತಿ ಅಂಕ ಕೊಡುತ್ತಾರೆ ಅನ್ನುವುದು ಅಲ್ಲಿ ಎಲ್ಲರ ಸಂಬಳಕ್ಕೂ ತಾಗುವ ವಿಷಯ. ಕ್ಯಾಂಟೀನಿನಲ್ಲಿ ದಿನಾ ಚರ್ಚೆ, ಹಾಳೆಯಲ್ಲಿ ಮೌನ. ವಸ್ತುಗಳ ಬಗ್ಗೆ ಮಾತಾಡಲು ಈ ಏರ್ಪಾಡು ಸಾಕಾಯಿತು. ಅಧಿಕಾರದ ಬಗ್ಗೆ ಮಾತಾಡಲು ಸಾಲಲಿಲ್ಲ. ಸಿಬ್ಬಂದಿಯ ಪ್ರತಿನಿಧಿಗಳ ಸಭೆ ಅನ್ನುವುದು ಪ್ರತಿ ವಿಶ್ವವಿದ್ಯಾಲಯದಲ್ಲೂ ಇರಬೇಕು ಅಂತ ನಿಯಮವಿದೆ, 2012ರಿಂದ ಜಾರಿಯಲ್ಲಿದೆ. ಗಂಟೆಗಳ ಲೆಕ್ಕ ಅಲ್ಲಿಗೆ ಹೋಗಬೇಕಾದ ವಿಷಯ. ಈ ಕಾಲೇಜಿನಿಂದ ಅಲ್ಲಿಗೆ ಹೋಗುತ್ತಿದ್ದ ಪ್ರತಿನಿಧಿಗಳಲ್ಲಿ ಹೆಚ್ಚಿನವರು ವಿಭಾಗಗಳ ಮುಖ್ಯಸ್ಥರೇ.

ಜಾವ್ ಮೊದಲ ಮೂರು ವರ್ಷ ಮುಗಿದ ಮೇಲೆ ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಹೋದ. ಅ‍ವನ ಯೋಜನೆ ಇನ್ನೂ ನಡೆಯುತ್ತಿದೆ. ಅದು ಯಾರದು ಅಂತ ಹೊಸದಾಗಿ ಬಂದವರಿಗೆ ಗೊತ್ತಿಲ್ಲ. ಹೆಸರು ಮರೆಸುವುದು ಬೋಧಕರನ್ನು ಕಾಪಾಡುತ್ತದೆ ನಿಜ. ಆದರೆ ಬಡ್ತಿಗೆ ತೋರಿಸಬಹುದಾಗಿದ್ದ ಒಳ್ಳೆಯ ಕೆಲಸವನ್ನೂ ಮರೆಸುತ್ತದೆ. ಸಲಹೆಗೆ ಬೇಕಿದ್ದರೆ ಹೆಸರು ಹಾಕಲಿ, ತಪ್ಪು ತೋರಿಸುವುದಕ್ಕೆ ಬೇಡ ಅಂತ ಎರಡು ಹಾಳೆ ಮಾಡಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಲಿ ಅವರಿಗೆ ಬಡ್ತಿ ಸಿಕ್ಕಿತು. ಅರ್ಹತೆ ಇತ್ತು, ಪ್ರಬಂಧಗಳಿದ್ದವು. ಆದರೂ ಕಾರಿಡಾರ್ ಅದನ್ನು ಬೇರೆ ಥರ ಓದಿತು. ಇದು ಹತ್ತಿರದ ಸಂಬಂಧದ ಇನ್ನೊಂದು ಬೆಲೆ. ಯೋಗ್ಯತೆಯಿಂದ ಬಂದದ್ದೂ ಕೃಪೆಯ ಲೆಕ್ಕಕ್ಕೇ ಜಮೆಯಾಗುತ್ತದೆ.

ಈಗ ಅವರು ಘಟಕದ ಮುಖ್ಯಸ್ಥೆ. ಅವರ ಕೆಳಗೆ ಮೂವರು ಹೊಸ ಉಪನ್ಯಾಸಕರು. ಅವರಲ್ಲಿ ಇಬ್ಬರು ಏನೇ ಇದ್ದರೂ ರಾತ್ರಿ ಅವರ ವೀಚಾಟ್‌ಗೆ ಖಾಸಗಿಯಾಗಿ ಬರೆಯುತ್ತಾರೆ, ಲಿ ಹಿಂದೆ ವಾಂಗ್ ಕೋಣೆಗೆ ಹೋದಂತೆ. ಲಿ ಅವಕ್ಕೆ ಖಾಸಗಿಯಾಗಿ ಪರಿಹಾರ ಕೊಡುವುದಿಲ್ಲ. ಹಾಳೆಯಲ್ಲಿ ಬರೆಯಿರಿ, ಗುರುವಾರ ಎಲ್ಲರೂ ಸೇರಿ ನೋಡೋಣ ಅನ್ನುತ್ತಾರೆ. ಒಬ್ಬಳು ಬರೆಯುತ್ತಾಳೆ. ಇನ್ನೊಬ್ಬ ಅಲ್ಲಿಗೇ ಸುಮ್ಮನಾಗುತ್ತಾನೆ. ಖಾಸಗಿ ಬಾಗಿಲು ಮುಚ್ಚಿದರೆ ಕೆಲವರ ಮಾತು ಹೊರಗೆ ಬರುತ್ತದೆ, ಕೆಲವರದು ನಿಂತೇಹೋಗುತ್ತದೆ. ಎರಡೂ ಆಗುತ್ತಿದೆ.

ಮೂರನೆಯ ಸುತ್ತಿನಲ್ಲಿ ಅವರ ಘಟಕದ ಹಾಳೆಯಲ್ಲಿ ಮೊದಲ ಬಾರಿಗೆ ಜನರ ಬಗ್ಗೆ ಒಂದು ಸಾಲು ಬಂತು. ಬಡ್ತಿಯ ಶಿಫಾರಸು ಸಮಿತಿಯಲ್ಲಿ, ತನ್ನ ಸ್ವಂತ ಶಿಷ್ಯರ ಅರ್ಜಿ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕೋ ಬೇಡವೋ? ಲಿ ಅದನ್ನು ಅಳಿಸದೆ ಜಂಟಿ ಸಭೆಗೆ ಒಯ್ದರು. ಅಲ್ಲಿ ಕೊನೆಯಲ್ಲಿ ಮಾತಾಡಿದ ವಾಂಗ್, ಹೊರಗೆ ಹೋಗಲು ನನಗೇನೂ ಅಡ್ಡಿಯಿಲ್ಲ, ಆದರೆ ಇದು ಒಂದು ಕಾಲೇಜು ತೀರ್ಮಾನಿಸುವ ವಿಷಯ ಅಲ್ಲ ಅಂದರು. ನಡಾವಳಿಯಲ್ಲಿ ಆ ಸಾಲಿನ ಮುಂದೆ 'ವಿಶ್ವವಿದ್ಯಾಲಯದ ಸಿಬ್ಬಂದಿ ವಿಭಾಗಕ್ಕೆ ಕಳಿಸಲಾಗಿದೆ' ಅಂತ ಬರೆದಿದ್ದಾರೆ. ಸಿಬ್ಬಂದಿ ವಿಭಾಗದಿಂದ ಉತ್ತರ ಇನ್ನೂ ಬಂದಿಲ್ಲ.